ಎಡಗೈ ಎತ್ತದ ನಟ

2005ರಲ್ಲಿ ನಾನು ದೋಹಾದ ಒಂದು ಹೋಟೆಲಿನ ಸಭಾಂಗಣದಲ್ಲಿ ಸ್ಟೇಜ್ ಸೂಪರ್‌ವೈಸರ್ ಆಗಿದ್ದೆ. ಆ ಚಳಿಗಾಲ ಎಡ್ಗರ್ ವಿನ್‌ಸ್ಲೇಡ್ ಎಂಬ ಇಂಗ್ಲಿಷ್ ನಟ ಮೂರು ದಿನಗಳ ಏಕವ್ಯಕ್ತಿ ನಾಟಕಕ್ಕೆ ಬಂದ. ಊರಿಗೆ ಮರಳುವ ಮುದುಕ ನಾವಿಕನ ಕಥೆ. ಇಪ್ಪತ್ತರ ಹರೆಯದಲ್ಲೇ ಲಂಡನ್ನಿನ ರಂಗಭೂಮಿಯಲ್ಲಿ ಹೆಸರು ಮಾಡಿದವನು, ಆಮೇಲೆ ಸಿನಿಮಾ, ಟಿವಿ. ಈಗ ಎಪ್ಪತ್ತು ದಾಟಿತ್ತು. ಹತ್ತು ವರ್ಷ ಯಾರೂ ಕರೆದಿರಲಿಲ್ಲ. ಇಲ್ಲಿ ಗೆದ್ದರೆ ಲಂಡನ್ನಿನಲ್ಲಿ ಇದೇ ನಾಟಕ. ಅದನ್ನು ತೀರ್ಮಾನಿಸಲು ಕೊನೆಯ ಪ್ರದರ್ಶನಕ್ಕೆ ಅಲ್ಲಿಂದ ನಿರ್ಮಾಪಕನೇ ಬರುವವನಿದ್ದ.

ಪ್ರಾಂಪ್ಟಿಂಗ್, ಅಂದರೆ ಸೈಡ್‌ವಿಂಗಿನಲ್ಲಿ ಕೂತು ಪುಸ್ತಕ ನೋಡಿ ಮಾತು ಎತ್ತಿಕೊಡುವ ಕೆಲಸ, ನನ್ನ ಪಾಲಿಗೆ ಬಂತು. ಉಡುಪಿಯಲ್ಲಿ ಹನ್ನೆರಡು ವರ್ಷ ತುಳು ನಾಟಕಗಳಿಗೆ ಅದನ್ನೇ ಮಾಡಿದವನು ನಾನು. ನಾವು ನಟ ತಡವರಿಸುವ ತನಕ ಕಾಯುತ್ತಿರಲಿಲ್ಲ. ಪ್ರತಿ ಮಾತಿನ ಮೊದಲ ಪದವನ್ನು ಮುಂಚಿತವಾಗಿಯೇ ಪಿಸುಗುಡುತ್ತಿದ್ದೆವು. ಮೊದಲ ದಿನ ಇಲ್ಲೂ ಹಾಗೆಯೇ ಮಾಡಿದೆ. ಅವನು ಬೇಕೆಂದೇ ಮೌನವಾಗಿ ನಿಂತಲ್ಲೆಲ್ಲ ನನ್ನ ಪಿಸುಮಾತು ಸಭೆಗೆ ಕೇಳಿಸಿತು.

ಪರದೆ ಬಿದ್ದದ್ದೇ ತಡ, ಇಡೀ ಸಿಬ್ಬಂದಿಯ ಎದುರು ನನ್ನ ಕೈಯಿಂದ ಪುಸ್ತಕ ಕಿತ್ತು ನೆಲಕ್ಕೆಸೆದ.

"ನಾನು ಎಡಗೈ ಎತ್ತುವ ತನಕ ಬಾಯಿ ಮುಚ್ಚಿಕೊಂಡಿರು. ಹ್ಞೂಂ, ಎತ್ತಿಕೋ ಅದನ್ನು."

ಬಗ್ಗಿ ಎತ್ತಿಕೊಂಡೆ. ಊರಾಚೆ ಅಲ್ ಗರಾಫಾದಲ್ಲಿದ್ದ ನನ್ನ ರೂಮಿಗೆ ಹೋಗಿ ಪುಸ್ತಕದ ಮಡಿಚಿಹೋದ ಹಾಳೆಗಳನ್ನು ಬಿಡಿಸಿದೆ. ಇವನನ್ನು ಸುಮ್ಮನೆ ಬಿಡಬಾರದು ಎಂದು ಹಲ್ಲು ಕಚ್ಚಿಕೊಂಡೆ.

ಎರಡನೆಯ ದಿನ ಅವನು ಎರಡು ಕಡೆ ಮಾತು ಹಾರಿಸಿದ. ಮರೆವು ಹತ್ತಿಕೊಂಡಿದೆ ಎಂದು ಗೊತ್ತಾಯಿತು. ಸುಳ್ಳೇಕೆ, ಖುಷಿಯಾಯಿತು.

ಮೂರನೆಯದು ಶುಕ್ರವಾರ ಮಧ್ಯಾಹ್ನ. ನಿರ್ಮಾಪಕ ಮೊದಲ ಸಾಲಿನಲ್ಲಿದ್ದ. ಎರಡನೆಯ ಅಂಕದ ನಡುವೆ ವಿನ್‌ಸ್ಲೇಡ್ ನಿಂತುಬಿಟ್ಟ. ಸಭೆ ಮೊದಲು ಅದನ್ನು ಅಭಿನಯವೆಂದುಕೊಂಡಿತು. ಅವನ ಕಣ್ಣು ನನ್ನತ್ತ ತಿರುಗಿತು, ಎಡಗೈ ಮಾತ್ರ ಮೇಲೇಳಲಿಲ್ಲ. ನನ್ನ ಬೆರಳು ಅದೇ ಸಾಲಿನ ಮೇಲಿತ್ತು.

ಲೈಟ್ ನೋಡಿಕೊಳ್ಳುವ ಉಳ್ಳಾಲದ ಇಕ್ಬಾಲ್ ಪಕ್ಕದಲ್ಲೇ ಇದ್ದ. "ಎಂತ ಮಾರಾಯ್ರೆ, ಲೈನ್ ಕೊಡಿ! ಪಾಪ, ಬೆವರ್ತಾ ಇದ್ದಾರೆ."

"ಕೈ ಎತ್ತಲಿ. ಅವನದ್ದೇ ರೂಲ್."

"ನಿಮ್ಮ ಸಿಟ್ಟು ಆಮೇಲೆ ಇಟ್ಕೊಳ್ಳಿ. ಈಗ ಕೊಡಿ."

"ಕೊಡುದಿಲ್ಲ. ಖಲಾಸ್."

ವಿನ್‌ಸ್ಲೇಡ್ ಮೊದಲ ಅಂಕದ ಮಾತನ್ನೇ ಮತ್ತೆ ಶುರು ಮಾಡಿದ. ನಿರ್ಮಾಪಕ ಎದ್ದು ಹೋದ. ಪರದೆ ಇಳಿಸಬೇಕಾಯಿತು.

ಪುಸ್ತಕ ಹಿಡಿದು ಗ್ರೀನ್ ರೂಮಿಗೆ ನುಗ್ಗಿದೆ. ನೀನು ಕೈ ಎತ್ತಲಿಲ್ಲವಲ್ಲ ಎಂದು ಅವನ ಮುಖದ ಮೇಲೆ ಹೇಳಬೇಕಿತ್ತು. ಅವನು ಎದ್ದು ಬಂದು ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

"ಬನ್ನಿ, ನೀವು ಇಲ್ಲಿಗೆ ಹೊಸಬರೇ? ನಾಟಕ ಎಷ್ಟು ಹೊತ್ತಿಗೆ ಶುರು?"

ಪುಸ್ತಕ ಎಸೆದದ್ದಾಗಲಿ, ಎಡಗೈಯ ಮಾತಾಗಲಿ ಅವನಿಗೆ ನೆನಪೇ ಇರಲಿಲ್ಲ. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕಿತ್ತೋ ಅವನೇ ಅಲ್ಲಿ ಇರಲಿಲ್ಲ. ಪ್ರಾಂಪ್ಟರ್ ಆದವನು ಪುಸ್ತಕ ನೋಡಿ ಮಾತು ಕೊಡಬೇಕು, ನಟನ ಮುಖ ನೋಡಿ ಅಳೆಯಬಾರದು ಎಂದು ಆ ದಿನ ಕಲಿತೆ. ಆಮೇಲೆ ಎಷ್ಟೋ ನಟರಿಗೆ ಎಷ್ಟೋ ಸಾಲು ಕೊಟ್ಟು ಮರೆತಿದ್ದೇನೆ. ಅವನಿಗೆ ಕೊಡದ ಸಾಲು ಮಾತ್ರ ಬಾಯಿಪಾಠವಾಗಿ ಉಳಿದಿದೆ: "ಬಾಗಿಲು ತೆಗೆಯಿರಿ, ನಾನು ಬಂದಿದ್ದೇನೆ."