ದೊಡ್ಡವ್ವ ಮತ್ತು ಮರೂನ್ ನೀರು

ಬಟ್ಟೆಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರನ್ನು ತಿಳಿಯಾಗಿಸುವುದು ಮೆಲ್ಬರ್ನಿನ ಲ್ಯಾಬೊಂದರಲ್ಲಿ ನನ್ನ ಕೆಲಸ. ಅದಕ್ಕೊಂದು ಬಿಳಿ ಪುಡಿ ಇದೆ. ನೀರಿಗೆ ಬೆರೆಸಿ ಬಿಸಿಲಿಗೋ ಯುವಿ ದೀಪಕ್ಕೋ ಒಡ್ಡಿದರೆ ಅದು ಬಣ್ಣವನ್ನು ಒಡೆದುಹಾಕುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಶುದ್ಧ ನೀರಿನಲ್ಲಿ ನಾನೇ ಕರಗಿಸಿದ ನೀಲಿ, ಊಟ ಮುಗಿಸಿ ಬರುವಷ್ಟರಲ್ಲಿ ಮಾಯವಾಗಿರುತ್ತಿತ್ತು. ಆ ಗ್ರಾಫುಗಳನ್ನು ನೋಡಿ ನಾನು ಸ್ವಲ್ಪ ಬೀಗಿದ್ದೂ ಉಂಟು.

ಆಮೇಲೆ ಸಿಡ್ನಿಯಿಂದ ಒಂದು ಕ್ಯಾನ್ ಬಂತು. ಕಳಿಸಿದವಳು ನನ್ನ ಗೆಳತಿ, ಮೈಸೂರಿನವಳು. ಆಸ್ಟ್ರೇಲಿಯಾಕ್ಕೆ ಓದಲು ಬಂದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕ ಮೇಲೆ ಆಫೀಸು ಕೆಲಸ ಬಿಟ್ಟು, ಹ್ಯಾರಿಸ್ ಪಾರ್ಕ್ ಹತ್ತಿರದ ಶೆಡ್ಡಿನಲ್ಲಿ ಹತ್ತಿ ಬಟ್ಟೆಗೆ ಬಣ್ಣ ಹಾಕುತ್ತಿದ್ದಳು. ಕ್ಯಾನಿನಲ್ಲಿದ್ದದ್ದು ಅವಳ ಮರೂನ್ ನೀರು. ಪುಡಿ ಹಾಕಿದೆ, ದೀಪ ಹೊತ್ತಿಸಿದೆ, ಸಂಜೆಯಾದರೂ ಮರೂನ್ ಮರೂನಾಗಿಯೇ ಇತ್ತು. ಪುಡಿ ಹೆಚ್ಚಿಸಿದರೆ ಬೀಟ್‌ರೂಟ್ ಮೊಸರುಬಜ್ಜಿಯಂತೆ ಕಂಡಿತು, ಅಷ್ಟೇ. ಮೂರು ವಾರ ಇದೇ ಪಾಡು.

ಆಗ ಬೆಳಗಾವಿಯಿಂದ ಬಂದ ದೊಡ್ಡವ್ವ ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತ್‌ನ ನಮ್ಮ ಮನೆಯಲ್ಲಿದ್ದಳು. ನೇಕಾರರ ಮಗಳು, ಮದುವೆಗೆ ಮುಂಚೆ ವರ್ಷಗಟ್ಟಲೆ ಸೀರೆಯ ನೂಲಿಗೆ ಬಣ್ಣ ಹಾಕಿದವಳು. ಊಟಕ್ಕೆ ಕೂತಾಗ ನನ್ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡು ರೊಟ್ಟಿ ಮುರಿಯುತ್ತ ಅಂದಳು: "ಅಲ್ಲವ್ವಾ, ಆಕಿ ಉಪ್ಪ ಎಷ್ಟ ಹಾಕ್ಯಾಳಂತ ಕೇಳೀಯೇನ?"

"ಉಪ್ಪ ಯಾಕ ದೊಡ್ಡವ್ವಾ?"

"ಉಪ್ಪಿಲ್ದ ಬಣ್ಣ ನೂಲಿಗೆ ಹತ್ತತೈತೇನ? ಸೋಡಾನೂ ಹಾಕಿರ್ತಾಳ, ನೋಡು."

ಪುಸ್ತಕದಲ್ಲಿ ಓದಿದ್ದ ಸಂಗತಿಯೇ. ಕ್ಯಾನಿನೊಳಗೆ ಅದಿದೆಯೆಂದು ಹೊಳೆದಿರಲಿಲ್ಲ. ಗೆಳತಿಗೆ ಫೋನ್ ಮಾಡಿದೆ.

"ಸಾಲ್ಟಾ? ಬಕೆಟ್‌ಗಟ್ಲೆ ಹಾಕ್ತೀನಿ ಕಣೆ. ವಾಷಿಂಗ್ ಸೋಡಾ ಬೇರೆ. ನೀನು ಕೇಳ್ಲೇ ಇಲ್ಲ, ನಾನು ಹೇಳ್ಲಿಲ್ಲ."

ಪುಡಿಯ ಶಕ್ತಿಯನ್ನೆಲ್ಲ ಉಪ್ಪು, ಸೋಡಾಗಳೇ ನುಂಗುತ್ತಿದ್ದವು. ಸಾಲದ್ದಕ್ಕೆ ಆ ಗಾಢ ಬಣ್ಣದಲ್ಲಿ ಬೆಳಕು ಒಳಗೇ ಇಳಿಯುತ್ತಿರಲಿಲ್ಲ. ನಾಚಿಕೆಯಾಯಿತು, ಜೊತೆಗೆ ಹಗುರವೂ ಆಯಿತು. ಮರುದಿನ ಒಂದಿಷ್ಟು ಆಮ್ಲ ಹಾಕಿದೆ. ಸೋಡಾ ಬುಸ್ಸೆಂದು ನೊರೆಯಾಗಿ ಹೋಯಿತು. ಉಪ್ಪೂ ಬಣ್ಣವೂ ತೆಳುವಾಗಲೆಂದು ಬೇರೆ ನೀರು ಬೆರೆಸಿ, ಬೆರಳುದ್ದ ಆಳವೂ ಇಲ್ಲದ ತಟ್ಟೆಗೆ ಸುರಿದು, ಪುಡಿ ಹಾಕಿ ದೀಪದಡಿ ಇಟ್ಟೆ. ನಿಧಾನವಾಗಿ, ಆದರೆ ನಿಜವಾಗಿಯೂ ಬಣ್ಣ ಇಳಿಯಿತು.

ಬೇಸಿಗೆ ರಜೆಯಲ್ಲಿ ಪುಡಿಯ ಡಬ್ಬಿ ಹಿಡಿದು ದೊಡ್ಡವ್ವನೊಂದಿಗೆ ಸಿಡ್ನಿಗೆ ಹೋದೆ. ಶೆಡ್ಡಿನ ಹಿಂದೆ, ಅದೇ ರೀತಿ ಹದಮಾಡಿ ಪುಡಿ ಬೆರೆಸಿದ ಮರೂನ್ ನೀರಿನ ಟ್ರೇಗಳನ್ನು ಬಿಸಿಲಿಗಿಟ್ಟು ಮೂವರೂ ನೆರಳಲ್ಲಿ ಕೂತೆವು. ದೊಡ್ಡವ್ವ ಗಳಿಗೆಗೊಮ್ಮೆ ಎದ್ದು ಕೋಲಿನಿಂದ ಕಲಕಿ ಬರುತ್ತಿದ್ದಳು. ಮರೂನ್ ಗುಲಾಬಿಯಾಯಿತು. ಗುಲಾಬಿ ಹೋಗಿ ಮಂಕು ಹಳದಿ ಉಳಿಯಿತು. ಸಂಜೆ ಪುಡಿಯನ್ನು ತಳಕ್ಕಿಳಿಸಿ, ಸೋಸಿ, ಗಾಜಿನ ಲೋಟಕ್ಕೆ ಹಾಕಿದಾಗ ಆಚೆಯ ಬೇಲಿ ಕಾಣುವಷ್ಟು ತಿಳಿಯಾಗಿತ್ತು.

"ಆಂಟಿ, ಇನ್ನೂ ಸ್ವಲ್ಪ ಹಳದಿ ಇದೆ ಅಲ್ವಾ?" ಎಂದಳು ಗೆಳತಿ.

"ಇರ್ಲಿ ಬಿಡವ್ವಾ. ನಮ್ಮೂರ ಗಟಾರದಾಗ ದಿನಕ್ಕೊಂದ ಬಣ್ಣ ಹರೀತಿತ್ತು. ಹಿಂಗ ತಿಳಿ ಮಾಡೂದನ್ನ ಆಗ ಕಂಡಿರ್ಲಿಲ್ಲ ನಾವು."

ದೊಡ್ಡವ್ವ ಲೋಟವನ್ನು ಕೆಳಗಿಡದೆ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಈಗ ಆ ಶೆಡ್ಡಿನ ಹಿಂದೆ ಆರು ಟ್ರೇಗಳಿವೆ. ಮೋಡ ಕವಿದ ದಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಗೆಳತಿ ಫೋನ್ ಮಾಡಿ ನನ್ನನ್ನು ಬೈಯುತ್ತಾಳೆ.