ದೊಡ್ಡವ್ವ ಕಂಡ ಕೆಂಪು

ಬೈಲಹೊಂಗಲದ ಚೌಕಕ್ಕೆ ಸಿಗ್ನಲ್ ದೀಪ ಬಂದಾಗ ಅದನ್ನು ನೋಡಲೆಂದೇ ಜನ ಚಹಾದಂಗಡಿಯ ಮುಂದೆ ನಿಲ್ಲುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನು ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನನ್ನ ಹತ್ತಿರ ಒಂದು ಹಳೆಯ ಸ್ಕೂಟರ್ ಇತ್ತು. ಕಿತ್ತೂರಿನಿಂದ ರಾಮದುರ್ಗದವರೆಗೆ ಇದರ ಮೇಲೆ ಓಡಾಡಿದ್ದೇನೆ, ಒಂದು ಕೋಳಿಗೂ ತಾಗಿಸಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚುತ್ತಿದ್ದೆ. ಹಾರ್ನ್ ಕೇಳಿ ಕೋಳಿಗಳೇ ಓಡಿಹೋಗಿ ಜೀವ ಉಳಿಸಿಕೊಳ್ಳುತ್ತಿದ್ದವು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ನಮ್ಮ ಕಡೆ ರಸ್ತೆಯ ಕಾನೂನೇ ಅದು. ಹಾರ್ನ್ ಹೊಡೆದವನದು ದಾರಿ, ಕೇಳಿಸಿಕೊಂಡವನದು ಓಟ. ಸಿಗ್ನಲ್ ಬಂದ ಮೇಲೂ ಎಡಕ್ಕೆ ಹೊರಳುವವರು ಯಾರೂ ನಿಲ್ಲುತ್ತಿರಲಿಲ್ಲ. ಬಲಗಡೆಯಿಂದ ಲಾರಿ ಬರುತ್ತಿದೆಯೋ ನೋಡುವುದು, ಉದ್ದಕ್ಕೆ ಹಾರ್ನ್ ಹೊಡೆಯುವುದು, ಹೊರಳಿಬಿಡುವುದು. ಎಡಗಡೆಯ ಬಿಳಿ ಪಟ್ಟಿಗಳ ಮೇಲೆ ಮನುಷ್ಯರಿರಬಹುದು ಎಂದು ಯಾರೂ ಆ ಕಡೆ ಕತ್ತು ತಿರುಗಿಸುತ್ತಿರಲಿಲ್ಲ. ಹೊರಳುವ ಗಾಡಿ ದಾಟುವವರಿಗೆ ದಾರಿ ಬಿಡಬೇಕೆಂಬ ನಿಯಮವನ್ನು ಲೈಸೆನ್ಸಿನ ಸಲುವಾಗಿ ನಾನು ಬಾಯಿಪಾಠ ಮಾಡಿದ್ದೆ. ಲೈಸೆನ್ಸ್ ಕೈಗೆ ಬಂದ ಮೇಲೆ ಅದರ ನೆನಪೂ ಇಟ್ಟುಕೊಂಡಿರಲಿಲ್ಲ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಮನೋಳಿಯಲ್ಲಿ ಇರುತ್ತಿದ್ದಳು. ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಹಳೆಯ ಇಲಕಲ್ಲ ಸೀರೆ, ಕುಬಸದ ಖಣದ ತುಂಡು, ತಲೆಗೆ ಸುತ್ತುವ ಹರಿದ ಪಟಗಾ, ಏನು ಕೊಟ್ಟರೂ ಕತ್ತರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ ಹಾಸಿಕೊಳ್ಳಲು ಮನಸ್ಸಾಗದಷ್ಟು ಚೆಂದ ಮಾಡುತ್ತಿದ್ದಳು. ಯರಗಟ್ಟಿ, ಉಗರಗೋಳಗಳಿಂದ ಹೆಂಗಸರು ಬಟ್ಟೆಯ ಗಂಟು ಹೊತ್ತು ಬರುತ್ತಿದ್ದರು. ಅವಳ ಲೆಕ್ಕದಲ್ಲಿ ಕೆಂಪೇ ನಾಲ್ಕಾರು ಬಗೆ: ದಾಳಿಂಬೆ ಕೆಂಪು, ಇಟ್ಟಿಗೆ ಕೆಂಪು, ಕುಂಕುಮದ ಕೆಂಪು. ಕೆಂಪಿನ ಮಗ್ಗುಲಲ್ಲಿ ಕೆಂಪು ಬಂದುಬಿಟ್ಟರೆ ಇಡೀ ಸಾಲು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ನಮ್ಮ ಮನೆತನದ ಕೂಸುಗಳೆಲ್ಲ ಮೊದಲು ಮಲಗಿದ್ದು ಅವಳ ಕೌದಿಯ ಮೇಲೆ. ನಾನೂ ಅಷ್ಟೇ.

ಇಂಥವಳಿಗೆ ರಸ್ತೆ ದಾಟುವುದೆಂದರೆ ಎಲ್ಲಿಲ್ಲದ ಅಂಜಿಕೆ. ಕೌದಿಯ ದಾರ ಕೊಳ್ಳಲು ನಮ್ಮಲ್ಲಿಗೆ ಬಂದಾಗ ಯಾರದಾದರೂ ಕೈ ಹಿಡಿದೇ ದಾಟುತ್ತಿದ್ದಳು. ಎಲ್ಲೋ ಹಾರ್ನ್ ಕೇಳಿದರೂ ಸಾಕು, ನಿರಿಗೆ ಎತ್ತಿ ಹಿಡಿದು ಓಡುತ್ತಿದ್ದಳು. ನನಗದು ನಗು ತರಿಸುತ್ತಿತ್ತು. ವಿದ್ಯಾರ್ಥಿಗಳು ನೋಡಿಯಾರು ಎಂಬ ನಾಚಿಕೆಯೂ ಇತ್ತು. ಹೇಗೂ ಸಿಗ್ನಲ್ ಬಂದಿದೆ, ಇವಳಿಗೂ ಕಲಿಸಿಯೇ ಬಿಡೋಣ ಎಂದು ಒಂದು ಸಂಜೆ ಚೌಕದ ಮೂಲೆಯಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದೆ.

"ನೋಡು ದೊಡ್ಡವ್ವಾ, ಆ ಕೆಂಪ ದೀಪ ಹತ್ತಿತಂದ್ರ ಈ ರಸ್ತೆ ಗಾಡಿ ಎಲ್ಲಾ ನಿಂದರತಾವ. ಆವಾಗ ನೀ ಇಳೀಬೇಕು. ಓಡಬ್ಯಾಡ, ಸಾವಕಾಶ ನಡಿ. ದಾರಿ ನಿಂದು."

"ಹಾರ್ನ್ ಹೊಡದ್ರ?"

"ಹೊಡಕೊಳ್ಳಲಿ. ಯಾರೂ ಮೈಮ್ಯಾಲ ಬರಂಗಿಲ್ಲ."

"ಮಾಸ್ತರ ಹೇಳಿದ ಮ್ಯಾಲ ಮುಗೀತು," ಎಂದು ನಕ್ಕಳು. ಅಡ್ಡ ರಸ್ತೆಯಿಂದ ಹೊರಳಿ ಬರುವ ಗಾಡಿಗಳ ಬಗ್ಗೆ ನಾನು ಒಂದು ಮಾತನ್ನೂ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ದಿನಾಲೂ ಹಾಗೆ ಹೊರಳಿ ಬರುತ್ತಿದ್ದವನು ನಾನೇ ಆದ್ದರಿಂದ, ಅದರಲ್ಲಿ ಹೆದರುವಂಥದ್ದು ಏನಾದರೂ ಇದೆಯೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೊತ್ತಾಗುತ್ತಿತ್ತು. ದಾರದ ಅಂಗಡಿ ಮಾರ್ಕೆಟ್ ರಸ್ತೆಯ ಆಚೆ ಬದಿಗೆ. ದೊಡ್ಡವ್ವನನ್ನು ಚೌಕದ ಮೂಲೆಯಲ್ಲಿ ಸ್ಕೂಟರಿನಿಂದ ಇಳಿಸಿ, "ನಾ ಪೆಟ್ರೋಲ್ ಹಾಕಿಸಿಕೊಂಡು ಸುತ್ತ ಹಾಕಿ ಬರತೇನಿ. ನೀ ದೀಪ ನೋಡಿ ದಾಟಿ ಅಂಗಡಿ ಮುಂದ ನಿಂದರು," ಎಂದೆ. ಅವಳು ಒಬ್ಬಳೇ ದಾಟಿದಳೆಂದು ಮನೆಯಲ್ಲಿ ಹೇಳಿಕೊಳ್ಳುವ ಆಸೆ ನನಗೆ.

ಪೆಟ್ರೋಲ್ ಹಾಕಿಸಿಕೊಂಡು ಬಸ್ ಸ್ಟ್ಯಾಂಡ್ ರಸ್ತೆಯಿಂದ ಮತ್ತೆ ಚೌಕಕ್ಕೆ ಬಂದಾಗ ನನಗೆ ಹಸಿರು ಇತ್ತು. ಮಾರ್ಕೆಟ್ ರಸ್ತೆಯ ಗಾಡಿಗಳು ಸಾಲಾಗಿ ನಿಂತಿದ್ದವು. ಎಂದರೆ ಅಲ್ಲಿ ಕೆಂಪು. ಬಲಗಡೆ ನೋಡಿದೆ, ಹಾರ್ನ್ ಹೊಡೆದೆ, ಎಡಕ್ಕೆ ಹೊರಳಿಸಿದೆ. ಬಿಳಿ ಪಟ್ಟಿಗಳ ಮೇಲೆ ದೊಡ್ಡವ್ವ ನಾನು ಹೇಳಿಕೊಟ್ಟ ಹಾಗೆಯೇ ಸಾವಕಾಶ ನಡೆಯುತ್ತಿದ್ದಳು. ಹಾರ್ನ್ ಕೇಳಿದರೂ ಓಡಲಿಲ್ಲ. ನನ್ನ ಗಾಡಿಯ ದನಿ ಗುರುತು ಹಿಡಿದು, ನಿಂತು, ನನ್ನ ಕಡೆ ತಿರುಗಿ ನಕ್ಕಳು. ಆ ನಗು ಇನ್ನೂ ಮುಗಿದಿರಲಿಲ್ಲ, ಗಾಡಿಯ ಮುಂದಿನ ಗಾಲಿ ಅವಳ ಕಾಲಿಗೆ ಬಡಿಯಿತು.

ಜನ ಸೇರಿದರು. "ಸರ್, ನಿಮ್ಮ ಪೈಕಿಯವ್ರೇನ್ರಿ?" ಎಂದರೇ ಹೊರತು ಯಾರೂ ನನ್ನನ್ನು ತಪ್ಪಿತಸ್ಥನ ಹಾಗೆ ನೋಡಲಿಲ್ಲ. ಯಾರಾದರೂ ಒಬ್ಬ ಬೈದಿದ್ದರೆ ಮುಂದಿನ ಸುಳ್ಳಿನಿಂದ ನಾನು ಉಳಿದುಕೊಳ್ಳುತ್ತಿದ್ದೆನೋ ಏನೋ. ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ ಕೂರುವ ಹೊತ್ತಿಗೆ ಅವ್ವ ಏದುಸಿರು ಬಿಡುತ್ತ ಬಂದಳು.

"ಏನಾತೋ? ಹೆಂಗಾತು ಇದು?"

ನನ್ನ ಬಾಯಿಗೆ ಮೊದಲು ಬಂದದ್ದು ಇದು: "ದೀಪ ಹಸರ ಇದ್ದಾಗ ಇಳದಾಳವಾ. ಕೆಂಪ್ಯಾವುದು, ಹಸರ್ಯಾವುದು ಗೊತ್ತಾಗಿಲ್ಲ ಆಕಿಗೆ."

ಮಂಚದ ಮೇಲೆ ದೊಡ್ಡವ್ವ ತಲೆ ಎತ್ತಿದಳು. "ಇಲ್ಲೋ ತಮ್ಮಾ, ನನಗ ಕೆಂಪ ಕಂಡಿತ್ತು," ಎಂದಳು. ನನ್ನ ಮುಖವನ್ನೇ ನೋಡಿದಳು. ನಾನು ಔಷಧದ ಚೀಟಿ ಓದುತ್ತಿದ್ದೆ. ಕಡೆಗೆ ಅವಳೇ ಅವ್ವನಿಗೆ ಹೇಳಿದಳು: "ಅಂವ ಶಾಣ್ಯಾ ಅದಾನ, ಅಂವ ಹೇಳಿದ್ದ ಖರೆ ಇರಬೇಕು. ನನ್ನ ಕಣ್ಣ ಕೈ ಕೊಟ್ಟಾವ."

ಅಲ್ಲಿಯೇ ತಿದ್ದಬಹುದಿತ್ತು. ಮರುದಿನವೂ ತಿದ್ದಬಹುದಿತ್ತು. ಶಾಲೆಯಲ್ಲಿ ಒಂದು ಅಂಕಿ ತಪ್ಪಿದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು.

ಕಾಲು ಕೂಡಿಕೊಂಡಿತು, ಸ್ವಲ್ಪ ಕುಂಟು ಉಳಿಯಿತು. ಹೋದದ್ದು ಬೇರೆ. ಮನೋಳಿಗೆ ಮರಳಿದ ಮೇಲೆ ದೊಡ್ಡವ್ವ ಬಣ್ಣ ಮುಟ್ಟಲು ಅಂಜತೊಡಗಿದಳು. ಒಂದೊಂದು ತುಂಡು ಎತ್ತಿ ಹಿಡಿದು ಓಣಿಯಲ್ಲಿ ಹೋಗುವವರನ್ನು, "ಇದ್ಯಾವ ಬಣ್ಣಾ ಯವ್ವಾ?" ಎಂದು ಕೇಳುತ್ತಿದ್ದಳಂತೆ. ಸೂಜಿಗೆ ದಾರವನ್ನೂ ಬೇರೆಯವರಿಂದಲೇ ಪೋಣಿಸಿಕೊಳ್ಳುತ್ತಿದ್ದಳು. ಸವದತ್ತಿಯಲ್ಲಿ ಕಣ್ಣಿನ ಡಾಕ್ಟರರಿಗೆ ತೋರಿಸಿದೆವು. ವಯಸ್ಸಿಗೆ ಇಷ್ಟು ಒಳ್ಳೆಯ ಕಣ್ಣು ನೋಡಿಲ್ಲ ಎಂದರು ಅವರು. ದೊಡ್ಡವ್ವ ನಂಬಲಿಲ್ಲ. "ಡಾಕ್ಟರ್ ಆವತ್ತ ಚೌಕದಾಗ ಇದ್ರೇನು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಂದು ದಿನ ಬಟ್ಟೆಯ ಗಂಟನ್ನು ಟ್ರಂಕಿನಲ್ಲಿಟ್ಟು, ಬಂದವರನ್ನೆಲ್ಲ ಬಾಗಿಲಿನಿಂದಲೇ ಕಳಿಸತೊಡಗಿದಳು.

ಮೂರು ವರ್ಷ ಹಾಗೆ ಹೋಯಿತು. ನನಗೆ ಮಗಳು ಹುಟ್ಟಿದಳು. ಅವ್ವನ ಹಳೆಯ ಸೀರೆಗಳನ್ನು ಕಟ್ಟಿಕೊಂಡು, ಕೂಸಿಗೆ ಕೌದಿ ಬೇಕೆಂದು ಮನೋಳಿಗೆ ಹೋದೆ. ದೊಡ್ಡವ್ವ ಗಂಟಿನ ಮೇಲೆ ಕೈಯಾಡಿಸಿ ವಾಪಸು ನನ್ನ ಕಡೆಗೇ ಸರಿಸಿದಳು.

"ಕೆಂಪ ಹಸರ ಗೊತ್ತಾಗದಾಕಿ ಕೂಸಿಗೆ ಏನ ಹೊಲೀಲೋ? ಬ್ಯಾರೆ ಯಾರಿಗರೆ ಕೊಡು."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ತಡೆಯಲಾಗಲಿಲ್ಲ.

"ದೊಡ್ಡವ್ವಾ, ಆವತ್ತ ದೀಪ ಕೆಂಪನ ಇತ್ತು. ನೀ ಕಂಡದ್ದು ಖರೆ. ಹೊರಳೋ ಮುಂದ ನಾ ನಿನ್ನ ಕಡೆ ನೋಡಲೇ ಇಲ್ಲ. ತಪ್ಪ ನಂದು. ಆಸ್ಪತ್ರ್ಯಾಗ ಸುಳ್ಳ ಹೇಳಿದೆ."

ಬೈಯುತ್ತಾಳೆ ಅಂದುಕೊಂಡೆ. ಹೋಗಲಿ ಬಿಡು ಅನ್ನಬಹುದು ಎಂಬ ಆಸೆಯೂ ಇತ್ತು. ಅವಳು ಗೋಡೆ ಹಿಡಿದು ಎದ್ದಳು, ಕುಂಟುತ್ತ ಒಳಗೆ ಹೋದಳು, ಟ್ರಂಕು ತೆಗೆದ ಸಪ್ಪಳವಾಯಿತು. ಹಳೆಯ ಗಂಟು ತಂದು ಬಾಗಿಲ ಬೆಳಕಿಗೆ ಕುಳಿತು ಬಿಚ್ಚಿದಳು. ಒಂದು ತುಂಡು ಎತ್ತಿ ಮೊಣಕಾಲ ಮೇಲೆ ಹರವಿಕೊಂಡು ಬಹಳ ಹೊತ್ತು ನೋಡಿದಳು.

ಸುಮ್ಮನಿರಲಾರದೆ ನಾನು, "ಅದು ಕೆಂಪ, ದೊಡ್ಡವ್ವಾ," ಎಂದೆ.

"ಗೊತ್ತೈತಿ," ಎಂದಳು. "ಆವತ್ತೂ ಗೊತ್ತಿತ್ತು. ನೀ ಹೇಳಿದ ಮ್ಯಾಲ ಗೊತ್ತಾಗದಂಗಾತು."

ದಾರ ಪೋಣಿಸಿಕೊಡಲೆಂದು ನಾನು ಸೂಜಿಗೆ ಕೈ ಚಾಚಿದೆ. ಅವಳು ಸೂಜಿಯನ್ನು ಆಚೆ ಸರಿಸಿಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ತಾನೇ ಪೋಣಿಸಿದಳು.