ಎದುರಂಗಡಿಯಲ್ಲಿ ಒಂದು ನಿದ್ದೆ

ಬೀದಿಯವರೆಲ್ಲ ಅವಳನ್ನು ಹಾಸಿಗೆ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ವಯಸ್ಸಾದವರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳು ಅದಕ್ಕೆ ಬೇಸರಪಟ್ಟುಕೊಂಡವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮಾತ್ರ ಅವಳಿಗೆ ಬೇರೆ ಹೆಸರಿತ್ತು, ಸೀನೋ ಸೊಸೆ. ಮಾವನದು ಹತ್ತಿ ಹಾಸಿಗೆಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಹತ್ತಿ ಹಿಂಜುವ ಯಂತ್ರ ಶುರುವಾದರೆ ಸಾಕು, ಎಳೆಗಳು ಆ ಬಾಗಿಲು ದಾಟಿ ಅಡುಗೆಮನೆಯವರೆಗೂ ತೇಲಿ ಬರುತ್ತಿದ್ದವು. ಸೊಸೆ ಒಂದರ ಹಿಂದೆ ಒಂದು ಸೀನುತ್ತಿದ್ದಳು. "ಇವಳ ಸೀನಿಗೇ ಅರ್ಧ ಹತ್ತಿ ಹಿಂಜಿ ಹೋಗುತ್ತೆ, ನಮಗೆ ಕರೆಂಟು ಉಳೀತು" ಎಂದು ಮಾವ ನಗುತ್ತಿದ್ದರು.

ಕೊನೆಗೆ ನೋಡಿದರೆ ಸೊಸೆಯ ಸೀನು ನಿಂತಿತು, ಮಾವನ ಮಗನಿಗೆ, ಅವಳ ಗಂಡನಿಗೆ, ಕೆಮ್ಮು ಅಂಟಿತು. ಹತ್ತಿಯ ರಾಶಿಯಲ್ಲೇ ಉರುಳಾಡಿ ಬೆಳೆದವನಿಗೆ ಹತ್ತಿಯೇ ಆಗದಾಯಿತು. ಡಾಕ್ಟರು ಆ ಧೂಳಿನ ಹತ್ತಿರ ಸುಳಿಯಬೇಡ ಎಂದರು. ಅವನು ಬಸ್ ಓಡಿಸುವ ಕೆಲಸಕ್ಕೆ ಸೇರಿಕೊಂಡ. ಮೊಳದುದ್ದದ ಸೂಜಿ ಸೊಸೆಯ ಕೈಗೆ ಬಂತು. "ಮಲಗೋರನ್ನ ನೋಡದೆ ಹಾಸಿಗೆ ಹೊಲೀಬೇಡ" ಎಂಬುದೇ ಮಾವ ಕಲಿಸಿದ ಮೊದಲ ಪಾಠ, ಬಹುಶಃ ಕೊನೆಯದೂ ಅದೇ. ಮಾವ ಹೋದ ಮೇಲೂ ಅಂಗಡಿ ಅವಳ ಕೈಯಲ್ಲಿ ತಣ್ಣಗೆ ನಡೆಯಿತು. ಇಬ್ಬರು ಹೆಣ್ಣುಮಕ್ಕಳು ಓದಿದರು, ಮದುವೆಯಾಗಿ ಹೋದರು. ಅದಕ್ಕೆಲ್ಲ ಅವಳು ಯಾರ ಮುಂದೆಯೂ ಕೈಚಾಚಬೇಕಾಗಿ ಬರಲಿಲ್ಲ.

ಆಮೇಲೆ ಬಂತು ಷೋರೂಮು.

ಬೀದಿಯ ಆಚೆ ಬದಿಯಲ್ಲಿ, ಬಸ್ ನಿಲ್ದಾಣಕ್ಕೆ ಹತ್ತಿರದಲ್ಲಿ, ಬಹಳ ದಿನ ಬೀಗ ಹಾಕಿದ್ದ ಕಬ್ಬಿಣದ ಸಾಮಾನಿನ ಅಂಗಡಿಯನ್ನು ಒಡೆದು ಗಾಜು ಕೂರಿಸಿದರು. ಒಳಗೆ ಮೆತ್ತಗಿನ ಬೆಳಕು, ಮೆತ್ತಗಿನ ಸಂಗೀತ. ಅಲ್ಲಿಯ ಫೋಮ್ ಹಾಸಿಗೆಗಳು ಸುರುಳಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಪ್ಲಾಸ್ಟಿಕ್ಕು ಕತ್ತರಿಸಿದರೆ ಉಸಿರೆಳೆದುಕೊಂಡು ತಾವೇ ಉಬ್ಬಿ ನಿಲ್ಲುತ್ತಿದ್ದವು. ಅದನ್ನು ನೋಡುವುದಕ್ಕೇ ಜನ ಗಾಜಿನ ಹೊರಗೆ ಗುಂಪು ಕಟ್ಟುತ್ತಿದ್ದರು. ಹಾಸಿಗೆ ಅಕ್ಕನೂ ಒಂದು ಸಂಜೆ ಹಾಲಿನ ಪಾತ್ರೆ ಹಿಡಿದುಕೊಂಡು ನಿಂತು ನೋಡಿದ್ದಳು. ಸುಳ್ಳೇಕೆ, ಅವಳಿಗೂ ಚೆಂದವೆನ್ನಿಸಿತ್ತು.

ಆದರೆ ಚೆಂದವೆನ್ನಿಸಿದ್ದು ಹೊಟ್ಟೆಯ ಮೇಲೆ ಹೊಡೆಯತೊಡಗಿತು. ಮೊದಲು ಹೊಸ ಜೋಡಿಗಳು ಬರುವುದು ನಿಂತಿತು, ಆಮೇಲೆ ಹಳೆಯ ಗಿರಾಕಿಗಳು. ಪಕ್ಕದ ಮನೆಯಾಕೆಯ ಮೂರು ಮಕ್ಕಳೂ ಅಕ್ಕನ ಹಾಸಿಗೆಯ ಮೇಲೆಯೇ ಬೆಳೆದವರು. ಆಕೆ ಒಂದು ದಿನ ದೊಡ್ಡ ಪೆಟ್ಟಿಗೆಯೊಂದನ್ನು ಆಳಿನ ತಲೆ ಮೇಲೆ ಹೊರಿಸಿಕೊಂಡು ಅಂಗಡಿಯ ಮುಂದೆ ಹಾದುಹೋದಳು. ಮುಖವನ್ನು ಆಚೆ ತಿರುಗಿಸಿಕೊಂಡು ಎಷ್ಟು ಜೋರಾಗಿ ನಡೆದಳೆಂದರೆ ಕಂಬಕ್ಕೆ ಢಿಕ್ಕಿ ಹೊಡೆದಳು. ಅಕ್ಕ ಓಡಿಹೋಗಿ ಹಣೆಗೆ ತಣ್ಣೀರು ಹಚ್ಚಿದಳು. ಪೆಟ್ಟಿಗೆಯ ಮಾತು ಇಬ್ಬರೂ ಎತ್ತಲಿಲ್ಲ.

ಆಗ ಬಂದವನು ಅವಳ ತಮ್ಮ. ಸೋಪಿನ ಕಂಪನಿಯೊಂದರಲ್ಲಿ ಊರೂರು ತಿರುಗಿ ಸರಕು ಮಾರಿದವನು. ಆ ಕೆಲಸ ಬಿಟ್ಟು ಸ್ವಂತದ್ದೇನಾದರೂ ಮಾಡಬೇಕೆಂದು ಚಡಪಡಿಸುತ್ತಿದ್ದ. ಬಂದ ದಿನವೇ ಅಂಗಡಿಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಪ್ಲಾನು ಬರೆದ. ಹಿಂಜುವ ಯಂತ್ರ ಮಾರುವುದು. ಮನೆ ಅಡವಿಟ್ಟು ಬೇರೆ ಫೋಮ್ ಕಂಪನಿಯ ಏಜೆನ್ಸಿ ತೆಗೆದುಕೊಳ್ಳುವುದು. ಗಾಜು, ದೀಪ, ತಂಪು ಗಾಳಿ. ಷೋರೂಮಿಗಿಂತ ಒಂದು ಕಾಸಾದರೂ ಕಡಿಮೆಗೆ ಕೊಡುವುದು.

"ಇದು ಹುಲಿಯನ್ನ ನೋಡಿ ನರಿ ಬರೆ ಹಾಕ್ಕೊಂಡ ಹಾಗಲ್ವೇನೋ?" ಎಂದ ಅಕ್ಕನ ಗಂಡ.

"ಭಾವ, ನರಿ ಸುಮ್ನೆ ಕೂತ್ರೂ ಹುಲಿ ಬಿಡಲ್ಲ."

"ಸರಿ, ಆದ್ರೂ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ."

"ಹಾಸಿಗೆ ಹೊಲಿಯೋರೇ ನಾವು ಭಾವ. ಒಂದಿಷ್ಟು ಉದ್ದ ಹೊಲ್ಕೊಂಡ್ರಾಯ್ತು!"

ಮೂವರೂ ನಕ್ಕರು. ತಮ್ಮನ ಮಾತಿನಲ್ಲಿ ತಪ್ಪು ಹುಡುಕಲು ಅಕ್ಕನಿಗೆ ಗೊತ್ತಾಗಲಿಲ್ಲ, ಒಪ್ಪಲೂ ಆಗಲಿಲ್ಲ. ಗುಜರಿಯವನು ಬಂದು ಯಂತ್ರವನ್ನು ತಟ್ಟಿ, ಬಗ್ಗಿ, ಹಲ್ಲುಗಳನ್ನು ಎಣಿಸಿ, ಸೋಮವಾರ ಗಾಡಿ ತರುತ್ತೇನೆಂದು ಹೋದ. ಅವನು ತಟ್ಟಿದ ರೀತಿ ಅಕ್ಕನಿಗೆ ಸೇರಲಿಲ್ಲ. ಮಾರುವ ದನವನ್ನು ತಟ್ಟುವ ಹಾಗಿತ್ತು. ಆ ವಾರವಿಡೀ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟವಳು ತನ್ನ ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದಳು.

ಶನಿವಾರ ತಮ್ಮ ಹೇಳಿದ, "ಅಕ್ಕಾ, ಎದುರಾಳಿ ಏನು ಮಾಡ್ತಾನೆ ಅಂತ ನೋಡದೆ ಪ್ಲಾನು ಪೂರ್ತಿ ಆಗಲ್ಲ. ನಾನು ಎರಡು ಸಲ ಹೋಗಿ ಬಂದೆ, ನನ್ನ ಗುರುತು ಹಿಡೀತಾರೆ. ಈ ಸಲ ನೀನು ಹೋಗು. ಗಿರಾಕಿ ಥರ."

"ನಾನು ಯಾರು ಅಂತ ಬೀದಿಗೇ ಗೊತ್ತಲ್ಲೋ."

"ಬೀದಿಗೆ ಗೊತ್ತು. ಅಲ್ಲಿರೋರು ಎಲ್ಲಿಂದಲೋ ಬಂದೋರು. ಧೈರ್ಯವಾಗಿ ಹೋಗು."

ಅವಳು ಮಧ್ಯಾಹ್ನದ ಊಟ ಮುಗಿಸಿ, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡು, ಕಳ್ಳನ ಹೆಂಡತಿಯಂತೆ ಹಿಂದೆ ಮುಂದೆ ನೋಡುತ್ತ ಬೀದಿ ದಾಟಿದಳು. ಒಳಗೆ ಹೋದರೆ ತಂಪು. ನಗುಮುಖದ ಹುಡುಗಿಯೊಬ್ಬಳು ಎದುರುಗೊಂಡು ಬೆನ್ನು ನೋವಿದೆಯಾ, ಬೆವರು ಜಾಸ್ತಿಯಾ ಎಂದೆಲ್ಲ ವಿಚಾರಿಸಿದಳು. ಮನೆಯ ಮಕ್ಕಳು ಕೂಡ ಇಷ್ಟು ವಿಚಾರಿಸಿದ್ದಿಲ್ಲ ಎಂದುಕೊಂಡಳು ಅಕ್ಕ.

"ಸುಮ್ನೆ ನೋಡಿದ್ರೆ ಗೊತ್ತಾಗಲ್ಲ ಆಂಟಿ, ಮಲಗಿ ನೋಡಿ. ಚಪ್ಪಲಿ ಬಿಡಿ. ಕಣ್ಣು ಮುಚ್ಚಿ."

ಮಲಗಿದಳು. ಕಣ್ಣು ಮುಚ್ಚಿದಳು. ಬೆಲೆ ಎಷ್ಟಿರಬಹುದು, ಒಳಗೆ ಎಷ್ಟು ಪದರ ಇರಬಹುದು ಎಂದು ಯೋಚಿಸಬೇಕು ಎಂದುಕೊಂಡಳು. ಯೋಚನೆ ಅಲ್ಲಿಗೇ ನಿಂತಿತು. ವಾರದ ನಿದ್ದೆಯೆಲ್ಲ ಒಟ್ಟಿಗೆ ಬಂದು ಅವಳ ಮೇಲೆ ಬಿತ್ತು.

ಎಚ್ಚರವಾದಾಗ ಗಾಜಿನ ಹೊರಗೆ ಸಂಜೆಯ ಬಿಸಿಲು ಓರೆಯಾಗಿತ್ತು. ಮೈಮೇಲೆ ಯಾರೋ ಹೊದಿಕೆ ಹೊದಿಸಿದ್ದರು. ಮಂಚದ ಸುತ್ತ ಏಳೆಂಟು ಜನ ನಿಂತು ತೊಟ್ಟಿಲ ಮಗುವನ್ನು ನೋಡುವಂತೆ ಅವಳನ್ನೇ ನೋಡುತ್ತಿದ್ದರು. ಒಬ್ಬಾತ ಹೆಂಡತಿಗೆ ಪಿಸುಗುಟ್ಟಿದ, "ನೋಡಿದ್ಯಾ, ಗೊರಕೆ ಕೂಡ ಹೇಗೆ ಒಂದೇ ಸಮ ಬರ್ತಿತ್ತು!"

ಅಕ್ಕ ಧಡಕ್ಕನೆ ಎದ್ದು ಕೂತಳು. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಕನ್ನಡಕ ಹಾಕಿದ್ದ, ಬೊಕ್ಕತಲೆಯ ಮ್ಯಾನೇಜರು ನೀರಿನ ಲೋಟ ಹಿಡಿದು ಓಡಿ ಬಂದ. ಅವನ ಮುಖ ಅರಳಿತ್ತು.

"ನಿಧಾನ ಅಮ್ಮಾ, ನಿಧಾನ. ನೀವು ಮಲಗಿದ್ದನ್ನ ನೋಡಿ ಮೂರು ಜನ ಇದೇ ಹಾಸಿಗೆ ತಗೊಂಡ್ರು. ದಿನಾ ಬರ್ತೀರಾ ಹೇಳಿ, ಸಂಬಳ ಕೊಡಿಸ್ತೀನಿ!"

ಎದುರಾಳಿಯ ಗುಟ್ಟು ತಿಳಿಯಲು ಬಂದವಳು ಎದುರಾಳಿಯ ಮಾಲು ಮಾರಿಕೊಟ್ಟಿದ್ದಳು. ಅವಳಿಗೆ ಅಳು ಬರಬೇಕಿತ್ತು, ನಗು ಬಂದುಬಿಟ್ಟಿತು. ನಗುತ್ತ ನಗುತ್ತ ನಿಜ ಹೇಳಿಬಿಟ್ಟಳು, "ಸ್ವಾಮೀ, ನಾನು ಎದುರಿಗಿರೋ ಹತ್ತಿ ಹಾಸಿಗೆ ಅಂಗಡಿಯವಳು. ನಿಮ್ಮ ಅಂಗಡಿ ಹೇಗೆ ಮುಚ್ಚಿಸೋದು ಅಂತ ನೋಡೋಕೆ ಬಂದಿದ್ದೆ."

ಮ್ಯಾನೇಜರು ಸ್ಟೂಲು ಎಳೆದು ಕೂತ. "ನೀವೇನಾ? ಬಂದ ದಿನದಿಂದ ನಿಮ್ಮ ಹತ್ರ ಮಾತಾಡಬೇಕು ಅಂತಿದ್ದೆ. ಹೊಡೆದು ಓಡಿಸ್ತೀರೇನೋ ಅಂತ ಭಯ."

ಅಷ್ಟರಲ್ಲಿ ದಂಪತಿಗಳಿಬ್ಬರು ಬಂದು, ಅಜ್ಜಿಯ ಹಳೇ ಮಂಚವಿದೆ, ಅಗಲ ಕಡಿಮೆ, ಅದಕ್ಕೆ ಹಾಸಿಗೆ ಬೇಕು ಎಂದರು. ನಗುಮುಖದ ಹುಡುಗಿ ನಗುಮುಖದಿಂದಲೇ ಇಲ್ಲವೆಂದಳು. ತಮ್ಮಲ್ಲಿ ನಾಲ್ಕೇ ಅಳತೆ. ಮಂಚವನ್ನೇ ಬದಲಾಯಿಸಿದರೆ ಒಳ್ಳೆಯದು. ಅವರು ಹೊರಟುಹೋದರು.

"ನೋಡಿದ್ರಾ?" ಎಂದು ಮ್ಯಾನೇಜರು ನಿಟ್ಟುಸಿರು ಬಿಟ್ಟ. "ದಿನಾ ಇಂಥೋರು ಬರ್ತಾರೆ. ತೊಟ್ಟಿಲಿಗೆ ಬೇಕು, ಲಾರಿ ಕ್ಯಾಬಿನ್ನಿಗೆ ಬೇಕು, ಕಿಟಕಿ ಪಕ್ಕದ ಬೆಂಚಿಗೆ ಬೇಕು. ನಮ್ಮ ಕಂಪನಿಗೆ ಹೇಳಿದ್ರೆ ಕಿವೀನೇ ಇಲ್ಲ. ಅದು ಹಾಗಿರಲಿ, ಬನ್ನಿ, ಒಂದು ತೋರಿಸ್ತೀನಿ."

ಹಿಂದಿನ ಗೋದಾಮಿನ ಬಾಗಿಲು ತೆರೆದ. ಹಳೆಯ ಹತ್ತಿ ಹಾಸಿಗೆಗಳು ಸೂರಿನವರೆಗೆ ಪೇರಿಸಿ ನಿಂತಿದ್ದವು. ಹೊಸದು ಕೊಂಡವರು ಹಳೆಯದನ್ನು ನೀವೇ ಒಯ್ಯಿರಿ ಎನ್ನುತ್ತಾರಂತೆ. ಬಿಸಾಡಿ ಎಂದು ಕಂಪನಿಯ ಅಪ್ಪಣೆ. ಕಸದ ಗಾಡಿಯವರು ಮುಟ್ಟುವುದಿಲ್ಲ. ಅಕ್ಕ ಒಂದರ ಮೂಲೆ ಬಿಚ್ಚಿ ಕೈ ಹಾಕಿದಳು. ಗಂಟು ಕಟ್ಟಿದ್ದ ಹತ್ತಿ ಬೆರಳಿಗೆ ಸಿಕ್ಕಿತು. ಕೊಳೆ, ನಿಜ. ಆದರೆ ಒಳ್ಳೆಯ ಹತ್ತಿ. ಅವುಗಳಲ್ಲಿ ಎಷ್ಟೋ ಅವಳೇ ಹೊಲಿದವು, ಕೆಲವು ಮಾವನ ಕೈಯವು.

"ಇದನ್ನ ನೀವು ಒಯ್ದರೆ ನನ್ನ ತಲೆನೋವು ಹೋಗುತ್ತೆ ಅಮ್ಮಾ. ನಮ್ಮಲ್ಲಿ ಅಳತೆ ಸಿಗದವರಿಗೂ ನಿಮ್ಮ ಅಂಗಡಿ ತೋರಿಸ್ತೀನಿ. ನನಗೇನು ನಷ್ಟ, ಅವರು ಹೇಗೂ ಬರಿಗೈಯಲ್ಲಿ ಹೋಗೋರು."

ಅವಳು ಬೀದಿ ದಾಟಿ ಬಂದಾಗ ತಮ್ಮ ಬಾಗಿಲಲ್ಲೇ ಶತಪಥ ತಿರುಗುತ್ತಿದ್ದ. "ಎಲ್ಲಿ ಹೋದೆ ಅಕ್ಕಾ? ಹಿಡ್ಕೊಂಡುಬಿಟ್ರೇನೋ ಅಂದ್ಕೊಂಡೆ!" ಅವಳು ಹೇಳುತ್ತ ಹೋದಳು, ಅವನು ಕೇಳುತ್ತ ಹೋದ. ಗೊರಕೆಯ ಭಾಗಕ್ಕೆ ಬಂದಾಗ ಗಂಡ ಬಸ್ಸಿನ ಕೆಲಸ ಮುಗಿಸಿ ಬಂದವನು ಟೋಪಿ ಕೂಡ ತೆಗೆಯದೆ ಹೊಟ್ಟೆ ಹಿಡಿದುಕೊಂಡು ನಕ್ಕ.

ತಮ್ಮ ನಗಲಿಲ್ಲ. ಗೋಡೆಯ ಹಾಳೆಯ ಹತ್ತಿರ ಹೋಗಿ ನಿಂತ. ಬೈಯುತ್ತಾನೇನೋ ಎಂದು ಅಕ್ಕ ಕಾದಳು. ಅವನು ಉಸಿರು ಬಿಟ್ಟು ಹೇಳಿದ, "ಮನೆ ಅಡ ಇಡೋದು ಬೇಡ ಅಲ್ವಾ ಹಾಗಾದ್ರೆ? ಸದ್ಯ! ನನಗೂ ನಿದ್ದೆ ಬರ್ತಿರಲಿಲ್ಲ ಅಕ್ಕಾ. ಹೇಳೋಕೆ ನಾಚಿಕೆ."

"ಅಯ್ಯೋ ನಿನ್ನ! ಮೊದಲೇ ಹೇಳಿದ್ರೆ ಇಬ್ಬರೂ ಹೋಗಿ ಅಲ್ಲೇ ಮಲಗ್ತಿದ್ವಲ್ಲೋ."

ಸೋಮವಾರ ಗುಜರಿಯವನು ಗಾಡಿ ತಂದ, ಬೈದುಕೊಂಡು ವಾಪಸು ಹೋದ. ಅವನ ಗಾಡಿ ತಿರುವು ದಾಟುವವರೆಗೂ ಅಕ್ಕ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದಳು.

ಹಾಗೆಂದು ಎಲ್ಲವೂ ಹೂವೆತ್ತಿದಂತೆ ಆಗಲಿಲ್ಲ. ಷೋರೂಮಿನ ಗೋದಾಮಿನಿಂದ ತಂದ ಮೊದಲ ಗಾಡಿಯ ಹಾಸಿಗೆಗಳಲ್ಲಿ ತಿಗಣೆ ಇತ್ತು. ಮಹಡಿಯ ಮೇಲೆ ಬಿಸಿಲಿಗೆ ಹರವಿದರೆ ಅಕ್ಕಪಕ್ಕದವರು ಜಗಳಕ್ಕೆ ಬಂದರು. ಊರಾಚೆ ಒಂದು ಖಾಲಿ ಜಾಗ ಗೊತ್ತುಮಾಡಿ, ಅಲ್ಲೇ ಬಿಚ್ಚಿ, ಒಣಗಿಸಿ, ಹತ್ತಿಯನ್ನಷ್ಟೇ ತರುವುದೆಂದಾಯಿತು. ಹಳೆಯ ಹತ್ತಿ ಎಂದು ಗಿರಾಕಿಗಳಿಗೆ ಮುಚ್ಚಿಡುವುದು ಬೇಡ ಎಂದಳು ಅಕ್ಕ. ಮುಚ್ಚಿಡಲಿಲ್ಲ, ಬೆಲೆಯನ್ನೂ ಹಾಗೆಯೇ ಇಳಿಸಿದಳು.

ಗಿರಾಕಿಗಳನ್ನು ಹುಡುಕಿದವನು ತಮ್ಮ. ಇದುವರೆಗೆ ಮಾರಿಯಷ್ಟೇ ಅಭ್ಯಾಸವಿದ್ದವನು ಈಗ ಯಾರಿಗೆ ಏನು ಬೇಕೆಂದು ಕೇಳತೊಡಗಿದ. ಲಾರಿ ನಿಲ್ಲುವ ಕಡೆ ಹೋಗಿ ಕ್ಯಾಬಿನ್ನಿನೊಳಗೆ ತೂರಿ, ಚಾಲಕರು ಮಂಡಿ ಮಡಚಿ ಮಲಗುವ ಹಲಗೆಗಳನ್ನು ಅಳೆದು ಬಂದ. ಕಾವಲುಗಾರರ ಬೆಂಚು, ಹೆರಿಗೆ ಮನೆಯ ತೊಟ್ಟಿಲು, ಮಹಡಿ ಮೆಟ್ಟಿಲ ಕೆಳಗಿನ ಮಂಚ, ಇಂಥವೇ ಅವನ ಮಾರುಕಟ್ಟೆಯಾದವು. ಮೊದಲ ಲಾರಿಯವನು ಹೊಸ ಹಾಸಿಗೆಯ ಮೇಲೆ ಅಂಗಡಿಯ ಮುಂದೆಯೇ ಉದ್ದಕ್ಕೆ ಕಾಲು ಚಾಚಿ ಮಲಗಿ, "ಅಮ್ಮಾ, ಇಷ್ಟು ವರ್ಷ ನಾನು ಪ್ರಶ್ನಾರ್ಥಕ ಚಿಹ್ನೆ ಥರ ಮಲಗ್ತಿದ್ದೆ" ಎಂದ. ಅವನೇ ಇನ್ನೂ ನಾಲ್ಕು ಜನರನ್ನು ಕರೆತಂದ.

ಬಸ್ ಚಾಲಕರ ಸೀಟಿಗೆ ದಿಂಬು ಹೊಲಿಯುವ ಯೋಚನೆ ಮಾತ್ರ ಮೊದಲ ಸಲ ಕೆಟ್ಟಿತು. ಗಂಡನ ಬೆನ್ನಿನ ಮೇಲಿನ ಪ್ರೀತಿಗೆ ಅಕ್ಕ ಹತ್ತಿಯನ್ನು ಧಾರಾಳವಾಗಿ ತುಂಬಿದ್ದಳು. ಅವನು ಸಂಜೆ ಬಂದು ಅದನ್ನು ಮೇಜಿನ ಮೇಲಿಟ್ಟ. "ಕೂತರೆ ತಲೆ ಚಾವಣಿಗೆ ತಾಗುತ್ತೆ, ಕಾಲು ಗಾಳಿಯಲ್ಲಿ ತೇಲುತ್ತೆ. ಬ್ರೇಕು ಎಲ್ಲಿದೆ ಅಂತ ಕಂಡಕ್ಟರನ್ನ ಕೇಳಬೇಕಾಯ್ತು!" ಅರ್ಧ ಹತ್ತಿ ತೆಗೆದು ಮತ್ತೆ ಹೊಲಿದಳು. ಅದು ಸರಿಹೋಯಿತು. ಡಿಪೋದವರೆಲ್ಲ ಒಬ್ಬೊಬ್ಬರಾಗಿ ಬಂದರು.

ಷೋರೂಮಿಗೆ ಕಂಪನಿಯ ದೊಡ್ಡ ಅಧಿಕಾರಿ ಬಂದು, ಬೇರೆ ಅಂಗಡಿಯ ಹೆಸರನ್ನು ಬಾಯಲ್ಲಿ ಆಡಕೂಡದೆಂದು ಮ್ಯಾನೇಜರಿಗೆ ಗದರಿದನಂತೆ. ಮ್ಯಾನೇಜರು ಹೆಸರು ಆಡುವುದನ್ನು ಬಿಟ್ಟ. ಅಳತೆ ಸಿಗದೆ ಹೊರಟವರ ಮುಂದೆ ತಲೆ ಕೆರೆದುಕೊಂಡು ಗಾಜಿನಾಚೆ ಒಂದೇ ದಿಕ್ಕಿಗೆ ನೋಡುತ್ತ ನಿಲ್ಲತೊಡಗಿದ. ಗಿರಾಕಿಗಳೂ ಅತ್ತ ನೋಡುತ್ತಿದ್ದರು. ಅಷ್ಟೇ ಸಾಕಾಯಿತು.

ಇಬ್ಬರ ಅಂಗಡಿಯೂ ನಡೆಯಿತು. ಅಕ್ಕನದು ಹಿಂದಿನಷ್ಟೇ ನಡೆಯಿತು ಎನ್ನಬಹುದು, ತುಸು ಹೆಚ್ಚೇ ಇದ್ದೀತು. ಕೆಲಸಕ್ಕೆ ಇಬ್ಬರು ಹೆಂಗಸರು ಸೇರಿಕೊಂಡರು. ತಮ್ಮನೂ ಅದೇ ಬೀದಿಯ ಕೊನೆಯಲ್ಲಿ ಮನೆ ಮಾಡಿದ.

ಕಳೆದ ವರ್ಷ ದೊಡ್ಡ ಊರಿನಿಂದ ಒಬ್ಬ ವ್ಯಾಪಾರಿ ಕಾರಿನಲ್ಲಿ ಬಂದಿಳಿದ. ಹೀಗೆಯೇ ಹತ್ತು ಊರಲ್ಲಿ ಅಂಗಡಿ ತೆರೆಯೋಣ, ದುಡ್ಡು ನನ್ನದು, ಹೆಸರು ನಿಮ್ಮದು ಎಂದ. ಅವನು ಮಾತಾಡುತ್ತಿದ್ದಷ್ಟು ಹೊತ್ತೂ ಅಕ್ಕ ತಮ್ಮನ ಮುಖ ನೋಡಲಿಲ್ಲ. ಅವನ ಕಣ್ಣು ಮಿಂಚುತ್ತಿರಬಹುದು, ಮತ್ತೆ ಗೋಡೆಗೆ ಹಾಳೆ ಅಂಟೀತು ಎಂದು ಅವಳಿಗೆ ಭಯ. ಇಲ್ಲವೆನ್ನಲು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು.

"ಕ್ಷಮಿಸಿ ಸಾರ್," ಎಂದ ತಮ್ಮ, ಅವಳಿಗಿಂತ ಮೊದಲೇ. "ಮಲಗೋರನ್ನ ನಾವು ನೋಡಿ ಹೊಲಿಯೋದು. ಹತ್ತು ಊರಿನೋರನ್ನ ನೋಡೋಕೆ ಇರೋದು ಒಬ್ಬಳೇ ಅಕ್ಕ. ಟೀ ಕುಡೀತೀರಾ?"

ವ್ಯಾಪಾರಿ ಟೀ ಕುಡಿದು, ಕಾರಿನ ಹಿಂದಿನ ಸೀಟಿಗೆಂದು ಒಂದು ದಿಂಬು ಕೊಂಡು ಹೋದ. ಅಕ್ಕ ಜೋಡಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ನುಂಗಿಕೊಂಡು ಹಗುರಾಗಿ ಎದ್ದಳು. ಹೊರಗೆ, ಅವಳು ಆಗಾಗ ಹೋಗಿ ನೋಡಿ ಬರುತ್ತಿದ್ದ ಹೆರಿಗೆ ಮನೆಯ ಆಯಾ ತೊಟ್ಟಿಲ ಅಳತೆಯ ದಾರ ಹಿಡಿದುಕೊಂಡು ಕಾಯುತ್ತಿದ್ದಳು.

"ಬಾ ತಾಯಿ," ಎಂದಳು ಅಕ್ಕ, "ಯಾವ ತೊಟ್ಟಿಲು, ಕಿಟಕಿ ಹತ್ರದ್ದಾ?"